ಒಡೆಗೆರೆ

ಯಂತ್ರದ ಮೂತಿಯಿಂದ ಇಳಿಯುವ ಬೆಳಕು ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅದು ಮುಟ್ಟಿದ ಜಾಗ ಮಾತ್ರ. ಕಪ್ಪು ಗಾಜಿನ ಹಿಂದೆ, ಮಚ್ಚಿನ ಅಲಗಿನ ಮೇಲೆ, ಸಾಸಿವೆ ಕಾಳಿನಷ್ಟು ಉಕ್ಕು ಕರಗಿ ನೀರಾಯಿತು. ಆ ಕೆಂಪು ಹನಿ ಮಚ್ಚಿನ ಬೆನ್ನಿನಿಂದ ಬಾಯಿಯವರೆಗೆ ಸರಿಯುತ್ತ, ಹಿಂದೆ ಬಿಟ್ಟ ದಾರಿಯಲ್ಲೆಲ್ಲ ಗಟ್ಟಿಯಾಗುತ್ತ ಹೋಯಿತು. ಎರಡೆರಡು ಬೆರಳಗಲಕ್ಕೆ ಒಂದರಂತೆ ಏಳು ಗೆರೆ ಎಳೆದು ಯಂತ್ರ ನಿಂತಿತು. ಕಮ್ಮಾರ ಸಿಂಗ್ರಾಚಾರಿ ಇಕ್ಕಳದಲ್ಲಿ ಮಚ್ಚನ್ನು ಹಿಡಿದು ಅಂಗಳಕ್ಕೆ ತಂದ.

ಅಂಗಳದಲ್ಲಿ ಎರಡು ಊರಿನ ಜನ ಸೇರಿದ್ದರು. ಎಡಕ್ಕೆ ಕಂಬದಕೊಪ್ಪಲಿನವರು, ಬಲಕ್ಕೆ ಮಾರಗಟ್ಟದವರು, ನಡುವೆ ಪೊಲೀಸರ ಸಾಲು. ಸಿಂಗ್ರಾಚಾರಿ ಮೊದಲು ಕಬ್ಬಿನ ಜಲ್ಲೆಯೊಂದನ್ನು ಆ ಮಚ್ಚಿನಿಂದ ಕಡಿದ. ಜಲ್ಲೆ ಒಂದೇ ಏಟಿಗೆ ಎರಡಾಯಿತು. ಆಮೇಲೆ ಹಗ್ಗದಲ್ಲಿ ನೇತುಹಾಕಿದ್ದ ಕೋಣದ ತೊಡೆಮೂಳೆಗೆ ಅಷ್ಟೇ ಬಲದಿಂದ ಬೀಸಿದ. ಠಣಾರೆಂದು ಮಚ್ಚು ಐದು ಚೂರಾಗಿ ಉದುರಿತು. ಮೂಳೆಯ ಮೇಲೆ ಒಂದು ಗೀರು ಬಿದ್ದಿತ್ತು, ಅಷ್ಟೇ.

ಜನ ಮುಸಿಮುಸಿ ನಕ್ಕರು. ಸಿಂಗ್ರಾಚಾರಿ ನಗಲಿಲ್ಲ. ಬಗ್ಗಿ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡ.

"ಅಂಗಾದ್ರೆ ಹಬ್ಬಕ್ಕೆ ಕುರಿ ಕಡ್ಯೋದು ಯಾವುದ್ರಲ್ಲವ್ವ?" ಎಂದು ಮಾರಗಟ್ಟದ ನಿಂಗಾಜಮ್ಮ ಕೇಳಿದಳು. ಅವಳು ಗಂಡಸರ ಸಮಕ್ಕೆ ಕಬ್ಬು ಕಡಿಯುವ ಹೆಂಗಸು. ತಂದೆತಾಯಿ ಹೋದ ಮೇಲೆ ತಮ್ಮ ಅಂಕೇಗೌಡನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಆ ತಮ್ಮ ಈಗಲೂ ಅವಳ ಬೆನ್ನಿಗೇ ನಿಂತಿದ್ದ.

"ಕಸಾಯಿ ಅಂಗಡಿಯವರಿಗೆ ಪರವಾನಗಿ ಇದೆ, ಅಮ್ಮ. ಅವರ ಕತ್ತಿಯನ್ನು ಕೊರಡಿಗೆ ಸರಪಳಿ ಹಾಕಿ ಕಟ್ಟಿರುತ್ತಾರೆ" ಎಂದರು ಡಾಕ್ಟರ್ ವಾರಿಜಾ. ಈ ಯಂತ್ರವನ್ನು ಕಂಡುಹಿಡಿದ ಲೋಹವಿಜ್ಞಾನಿ ಅವರೇ. "ಗೇಣಿಗಿಂತ ಉದ್ದದ ಅಲಗು ಯಾವುದೇ ಇರಲಿ, ಇನ್ನು ಮೇಲೆ ಈ ಯಂತ್ರದ ಕೆಳಗೆ ಹಾದು ಹೋಗಲೇಬೇಕು. ವರ್ಷಕ್ಕೊಮ್ಮೆ ಬಾಯಿ ಸಾಣೆ ಹಿಡಿದ ಮೇಲೆ ಮತ್ತೆ ಬರಬೇಕು. ಕಾನೂನು ಬಂದಿದೆ."

ಚಂದ್ರನ ಮೇಲೆ ಗಣಿ ತೋಡುವ ಕಾಲ ಅದು. ಮಂಡ್ಯ ಸೀಮೆಯ ಗದ್ದೆಗಳಲ್ಲಿ ಕಬ್ಬು ಕಡಿಯಲು ಆನೆಗಾತ್ರದ ಯಂತ್ರಗಳು ಬಂದಿದ್ದವು. ಆದರೆ ಆ ಯಂತ್ರ ತಿರುಗಲಾರದ ಮೂಲೆ, ಬದುವಿನ ಅಂಚು, ಆಲೆಮನೆಯ ಅಂಗಳ, ಇಲ್ಲೆಲ್ಲ ಮಚ್ಚೇ ಬೇಕಿತ್ತು. ಮನುಷ್ಯನಿಗೆ ಮನುಷ್ಯನ ಮೇಲೆ ಸಿಟ್ಟು ಬಂದಾಗಲೂ ಅದೇ ಬೇಕಿತ್ತು.

ನಾಲೆಯ ಒಂದೇ ತೂಬಿನಿಂದ ಎರಡೂ ಊರಿಗೆ ನೀರು. ತೂಬಿನ ಬಾಗಿಲು ಎತ್ತುವ ಸರದಿಗಾಗಿ ಒಂಬತ್ತು ವರ್ಷದಲ್ಲಿ ಹನ್ನೊಂದು ಹೆಣ ಬಿದ್ದಿದ್ದವು. ಅದರಲ್ಲಿ ಏಳು ಬಿದ್ದದ್ದು ಸಿಂಗ್ರಾಚಾರಿ ಬಡಿದ ಮಚ್ಚಿನಿಂದ. ಈ ಲೆಕ್ಕ ಅವನಿಗೆ ಪಕ್ಕಾ ಗೊತ್ತಿತ್ತು. ಪ್ರತಿ ಸಲ ಠಾಣೆಯವರು ಮಚ್ಚು ತಂದು, ಹಿಡಿಯ ಬುಡದ ಅರ್ಧಚಂದ್ರದ ಮುದ್ರೆ ತೋರಿಸಿ, "ನಿನ್ನ ಗುರುತೇ ಅಲ್ವೇನಯ್ಯ?" ಎಂದು ಕೇಳುತ್ತಿದ್ದರು. ಅವನು ಹೌದೆಂದು ತಲೆಯಾಡಿಸಿ, ಆ ದಿನ ಊಟ ಬಿಡುತ್ತಿದ್ದ.

ಐದು ಜನ ಒಂದೇ ಬೆಳಿಗ್ಗೆ ಸತ್ತ ದಿನ ಅವನು ಕುಲುಮೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದ. ಕುಲುಮೆ ಇದ್ದದ್ದು ನಾಲೆ ಏರಿಯ ಮೇಲೆ, ತೂಬಿಗೆ ಕೂಗಳತೆಯಲ್ಲಿ. ತೂಬಿನ ಹಲಗೆಗೆ ಕೈ ಹಾಕಿದ್ದ ಕಂಬದಕೊಪ್ಪಲಿನ ದ್ಯಾವೇಗೌಡನ ಕೈ ಹಲಗೆಯ ಮೇಲೆಯೇ ಉಳಿಯಿತು, ಅವನು ಕೆಳಕ್ಕೆ ಬಿದ್ದ. ಬಿದ್ದವನ ಮೇಲೆ ಮೂವರು ಮುಗಿಬಿದ್ದರು. ಮಚ್ಚು ಮೂಳೆಗೆ ತಾಕುವ ಸದ್ದು ಒಣ ಸೌದೆ ಒಡೆಯುವ ಸದ್ದಿನಂತೆಯೇ ಇತ್ತು. ಆಮೇಲೆ ಕೊಂದವರು ನಾಲೆಗೆ ಇಳಿದು ಮಚ್ಚು ತೊಳೆದರು. ಅವರಲ್ಲೊಬ್ಬ ನೀರು ತೊಟ್ಟಿಕ್ಕುವ ಮಚ್ಚು ಹಿಡಿದು ನೇರ ಕುಲುಮೆಗೆ ಬಂದ. "ಬಾಯಿ ಮುಕ್ಕಾಗೈತೆ ಆಚಾರಿ, ಒಸಿ ಸರಿ ಮಾಡ್ಕೊಡು" ಎಂದ. ಸಿಂಗ್ರಾಚಾರಿ ಹೆದರಿ ಮಾಡಿಕೊಟ್ಟ. ಅದೇ ಮಚ್ಚು ಆ ಮಧ್ಯಾಹ್ನ ಇನ್ನೊಬ್ಬನನ್ನು ಕಡಿಯಿತು. ಮರುದಿನ ಅವನು ಕುಲುಮೆಗೆ ನೀರು ಸುರಿದು ಬೀಗ ಹಾಕಿದ. ತನ್ನ ಕೈ ಮುಟ್ಟಿದ ಕಬ್ಬಿಣದಿಂದ ಇನ್ನೊಂದು ಜೀವ ಹೋಗಬಾರದು ಎಂಬುದೊಂದೇ ಅವನಿಗೆ ಉಳಿದ ಆಸೆ.

ಆ ಎರಡು ಊರಿನಲ್ಲಿ ಒಂದು ರೂಢಿ ಮೊದಲಿನಿಂದ ಇತ್ತು. ತೊಳೆದ ಮಚ್ಚನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಕಬ್ಬಿನ ಸೋಗೆಯಲ್ಲೋ ಗೋಣಿ ತುಂಡಿನಲ್ಲೋ ಒರೆಸಿ ಕೊಡುತ್ತಾರೆ. ತೊಳೆದ ಮಚ್ಚು ಎಂದರೆ ರಕ್ತ ತೊಳೆದ ಮಚ್ಚು. ಅದನ್ನು ಒಬ್ಬರ ಕೈಗೆ ಇಡುವುದೂ, ತೊಳೆದು ಕೊಡು ಎಂದು ಕೇಳುವುದೂ, ನೀನು ಕೊಲೆಗಾರ ಎಂದು ಹೇಳಿದಂತೆಯೇ.

ಡಾಕ್ಟರ್ ವಾರಿಜಾ ಸಿಂಗ್ರಾಚಾರಿಯನ್ನು ಹುಡುಕಿಕೊಂಡು ಬಂದದ್ದು ಆ ಸೀಮೆಯ ಮಚ್ಚಿನ ಉಕ್ಕಿನ ಹದ ತಿಳಿಯಲು. ಬಂದವರು ಅವನನ್ನೇ ಯಂತ್ರಕ್ಕೆ ಕೂರಿಸಿದರು. ಮೊದಲ ವಾರ ಚಹಾ ಕುಡಿಯುತ್ತ ಅವರು ಕೇಳಿದ್ದರು, "ಆಚಾರ್ರೇ, ಬೆಸುಗೆ ಹಾಕುವವನು ಜೀವಮಾನವಿಡೀ ಹೆದರೋದು ಯಾವುದಕ್ಕೆ?"

"ಬೆಸ್ಗೆ ನಟ್ಟನಡುವೆ ಸೀಳೋದಕ್ಕೆ ಕಣವ್ವ."

"ಆ ಸೀಳನ್ನೇ ನಾನು ಬೇಕು ಅಂತ ಸಾಕಿ ಬೆಳೆಸಿದ್ದೀನಿ. ಅದೇ ಒಡೆಗೆರೆ."

ಅವರು ಹೇಳಿದ್ದು ಇಷ್ಟು. ಲೇಸರ್ ಕಿರಣ ತಾಕಿದಲ್ಲಿ ಉಕ್ಕಿನ ಒಂದು ಸಣ್ಣ ಕೊಳ ಆಗುತ್ತದೆ. ಅದಕ್ಕೆ ಕರಗುಕೊಳ ಎಂದು ಹೆಸರು. ಕೊಳದ ನಡು ಬಹಳ ಬಿಸಿ, ದಡ ಅದಕ್ಕಿಂತ ತಂಪು. ದ್ರವದ ಮೇಲ್ಮೈಯಲ್ಲಿ ಚರ್ಮದಂಥ ಒಂದು ಬಿಗಿತ ಇರುತ್ತದೆ, ಅದು ಬಿಸಿಯಿರುವಲ್ಲಿ ಸಡಿಲ, ತಂಪಿರುವಲ್ಲಿ ಗಟ್ಟಿ. ಗಟ್ಟಿ ಇರುವ ಕಡೆ ಸಡಿಲವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕರಗಿದ ಉಕ್ಕು ನಡುವಿನಿಂದ ದಡದ ಕಡೆಗೆ ಹರಿಯುತ್ತದೆ, ಕೊಳ ಅಗಲವಾಗಿ ಆಳವಿಲ್ಲದೆ ಹರಡುತ್ತದೆ. ಕಿರಣ ಮುಂದೆ ಹೋದ ಕೂಡಲೇ ಎರಡೂ ದಡದಿಂದ ಹರಳುಗಳು ನಡುವಿನತ್ತ ಉದ್ದುದ್ದ ಕಂಬಗಳಾಗಿ ಬೆಳೆಯುತ್ತವೆ. ಬೆಳೆಯುತ್ತ ಉಕ್ಕಿನೊಳಗಿನ ಕಸವನ್ನೆಲ್ಲ ಮುಂದಕ್ಕೆ ತಳ್ಳುತ್ತವೆ. ಎರಡು ಕಡೆಯ ಕಂಬಗಳು ಎದುರುಬದುರಾಗಿ ನಿಲ್ಲುವ ನಡುಗೆರೆಯಲ್ಲಿ ಆ ಕಸ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಬ್ಬಿಣ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ.

"ಕಬ್ಬು ಬಾಗುತ್ತೆ, ಪೆಟ್ಟನ್ನ ಕುಡಿಯುತ್ತೆ. ಮೂಳೆ ಹಾಗಲ್ಲ, ಪೆಟ್ಟನ್ನ ತಿರುಗಿ ಮಚ್ಚಿಗೇ ಕೊಡುತ್ತೆ. ಆಗ ಗೆರೆ ಬಿಡುತ್ತೆ" ಎಂದರು ವಾರಿಜಾ.

ಸಿಂಗ್ರಾಚಾರಿಗೆ ಕಂಬದ ಹರಳು, ಮೇಲ್ಮೈಯ ಬಿಗಿತ ಪೂರ್ತಿ ಅರ್ಥವಾಗದಿದ್ದರೂ ಒಡೆಯುವುದು ಅರ್ಥವಾಯಿತು. ನಲವತ್ತು ವರ್ಷ ಒಡೆಯದ ಹಾಗೆ ಮಾಡುವುದನ್ನೇ ಕಲಿತಿದ್ದ ಅವನು, ಐವತ್ತೆಂಟನೆಯ ವಯಸ್ಸಿನಲ್ಲಿ ಒಡೆಯುವ ಹಾಗೆ ಮಾಡುವುದನ್ನು ಕಲಿಯಲು ಕೂತ.

ಮೊದಲ ವರ್ಷ ಒಂದು ಹೆಣವೂ ಬೀಳಲಿಲ್ಲ. ಜಿಲ್ಲಾಧಿಕಾರಿಗಳು ಬಂದು ಯಂತ್ರಕ್ಕೆ ಹಾರ ಹಾಕಿದರು, ವಾರಿಜಾ ಅವರಿಗೆ ಶಾಲು ಹೊದಿಸಿದರು. ಮಾರಗಟ್ಟದ ಅಂಕೇಗೌಡ ಕಂಬದಕೊಪ್ಪಲಿನ ಆಲೆಮನೆಗೆ ತನ್ನ ಕಬ್ಬು ಹೊಡೆಯತೊಡಗಿದ. ಆಲೆಮನೆಯ ಒಡೆಯ ಹೊಂಬಾಳೇಗೌಡ, ತೂಬಿನ ಮೇಲೆ ಸತ್ತ ದ್ಯಾವೇಗೌಡನ ಮಗ. ಒಬ್ಬರನ್ನೊಬ್ಬರು ನೋಡಿದರೆ ಉಗುಳುತ್ತಿದ್ದವರು ಒಂದೇ ಬೀಡಿ ಹಂಚಿಕೊಳ್ಳುವ ಹಾಗಾದರು.

ಎರಡನೆಯ ವರ್ಷ ಹೊಸದೊಂದು ಚಾಳಿ ಶುರುವಾಯಿತು. ಮಚ್ಚು ಹೇಗೂ ಒಡೆಯುತ್ತದಲ್ಲ ಎಂದು ಜನ ಹೊಡೆಯತೊಡಗಿದರು. ಇಸ್ಪೀಟಿನಲ್ಲಿ ಸೋತವನು ಹೊಡೆದ. ಹಸು ಗದ್ದೆಗೆ ನುಗ್ಗಿತೆಂದು ಹೊಡೆದರು. ಬೀಗರ ಊಟದಲ್ಲಿ ಬಾಡು ಕಡಿಮೆ ಬಡಿಸಿದರೆಂದು ಗಂಡಿನ ಕಡೆಯ ಮೂವರು ಹೆಣ್ಣಿನ ಕಡೆಯ ಮೂವರ ಹೆಗಲ ಮೇಲೆ ಮಚ್ಚು ಒಡೆದರು. "ಮಚ್ಚು ಒಡೆಯೋದು" ಎಂದೇ ಅದಕ್ಕೆ ಹೆಸರಾಯಿತು. ಮೊದಲು ಮಚ್ಚೆತ್ತಿದ ಹತ್ತು ಜನರಲ್ಲಿ ಒಂಬತ್ತು ಜನ ಎತ್ತಿದ ಕೈಯನ್ನು ಇಳಿಸುತ್ತಿದ್ದರು. ಈಗ ಹತ್ತೂ ಜನ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆಯುತ್ತಿದ್ದರು. ಹೆಗಲ ಮೂಳೆ ಮುರಿದವರು, ಚೂರು ಸಿಡಿದು ಕಣ್ಣು ಕಳೆದುಕೊಂಡವರು, ಕಿವಿ ಹರಿದವರು ಆಸ್ಪತ್ರೆಯ ಅಂಗಳದಲ್ಲಿ ಸಾಲುಗಟ್ಟಿ ಕೂತರು. ಅವರಲ್ಲಿ ಅರ್ಧ ಜನ ನಗುತ್ತಿದ್ದರು, ಅದೇ ಸಿಂಗ್ರಾಚಾರಿಗೆ ಸಹಿಸಲು ಆಗದ ಸಂಗತಿ.

"ಒಬ್ಬರೂ ಸತ್ತಿಲ್ವಲ್ಲ ಆಚಾರ್ರೇ" ಎಂದು ವಾರಿಜಾ ಸಮಾಧಾನ ಹೇಳಿದರು.

"ಕೈಗೆ ಭಯ ಹೋಯ್ತು ಕಣವ್ವ. ಭಯ ಇಲ್ದಿರೋ ಕೈಗೆ ಮಚ್ಚು ಕೊಟ್ಟಿದ್ದೀವಿ" ಎಂದ ಅವನು. ಹಾಗೆಂದರೂ ಮರುದಿನ ಬಂದು ಯಂತ್ರಕ್ಕೆ ಕೂತ. ಅವನಿಗೂ ಹೆಣಗಳ ಲೆಕ್ಕವೇ ಮುಖ್ಯವಾಗಿತ್ತು.

ಯಂತ್ರದ ಕೆಳಗೆ ಹೋಗುವ ಮುನ್ನ ಪ್ರತಿ ಮಚ್ಚನ್ನೂ ಅರ್ಧ ಗಂಟೆ ಸೋಡಾ ನೀರಿನಲ್ಲಿ ತೊಳೆಯಬೇಕು ಎಂಬುದು ನಿಯಮ. ತೊಳೆದಾಯಿತು ಎಂಬ ಗುಂಡಿ ಒತ್ತದೆ ಕಿರಣ ಇಳಿಯುತ್ತಿರಲಿಲ್ಲ. ಆ ವರ್ಷ ಆಯುಧ ಪೂಜೆ ಕಳೆದ ವಾರ ಹೊಂಬಾಳೇಗೌಡ ಮಚ್ಚು ತಂದ. ಅವನು ಅದನ್ನು ಸೋಗೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಯಿಂದಲೇ ಕೊಟ್ಟ.

"ಒಂದರ್ಧ ಗಂಟೆ ಕುಂತ್ಕಪ್ಪ, ತೊಳೀಬೇಕು" ಎಂದ ಸಿಂಗ್ರಾಚಾರಿ.

ಹೊಂಬಾಳೇಗೌಡನ ಮುಖ ಕೆಂಪಾಯಿತು. "ಯಾಕಾಚಾರಿ, ನಾನೇನ್ ಕೊಲೆ ಮಾಡ್ಕಂಡ್ ಬಂದಿದ್ದೀನಾ? ನಮ್ಮಪ್ಪನ್ನ ಕಡಿದ ಮಚ್ಚು ನಾಲೇಲಿ ತೊಳೆದ್ರಲ್ಲ, ನೀನೇ ನೋಡ್ದೋನು. ನಿನ್ನ ಬಾಯಲ್ಲೂ ಅದೇ ಮಾತ?"

ಸಿಂಗ್ರಾಚಾರಿ ತಲೆ ತಗ್ಗಿಸಿದ. ಹಾಗೆ ಬೇಸರ ಮಾಡಿಕೊಂಡವರು ಅವನೊಬ್ಬನೇ ಅಲ್ಲ. ಹಿಂದಿನ ದಿನಗಳಲ್ಲಿ ಇನ್ನೂ ಎಷ್ಟೋ ಜನಕ್ಕೆ ಅವನು ಹೀಗೇ ತಲೆ ತಗ್ಗಿಸಿದ್ದ. ಒರೆಸಿದ ಮಚ್ಚನ್ನೇ ಯಂತ್ರಕ್ಕೆ ಇಟ್ಟು, ತೊಳೆದಾಯಿತು ಎಂಬ ಗುಂಡಿ ಒತ್ತಿದ. ಸ್ವಲ್ಪ ಮಣ್ಣು, ಸ್ವಲ್ಪ ಕಬ್ಬಿನ ಅಂಟು, ಅದರಿಂದ ಏನಾಗುತ್ತದೆ ಎಂಬುದು ಅವನ ಎಣಿಕೆ. ಕುಲುಮೆಯಲ್ಲಿ ಅದೆಲ್ಲ ಬೆಂಕಿಗೆ ಸುಟ್ಟು ಹೋಗುತ್ತಿತ್ತು.

ಮಾಘದಲ್ಲಿ ಒಂದು ಬೆಳಿಗ್ಗೆ ಹೊಂಬಾಳೇಗೌಡನ ಆಲೆಮನೆಯಲ್ಲಿ ಗಾಣದ ಅಚ್ಚು ಸವೆದಿದೆ ಎಂದು ಸಿಂಗ್ರಾಚಾರಿಯನ್ನು ಕರೆಸಿದ್ದರು. ಅವನು ಗಾಣದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಅಂಕೇಗೌಡ ಬಂದು, ತನ್ನ ಕಬ್ಬು ಮೂರು ದಿನದಿಂದ ಬಿಸಿಲಲ್ಲಿ ಒಣಗುತ್ತಿದೆ, ತನ್ನ ಸರದಿ ತಪ್ಪಿಸಿ ಕಂಬದಕೊಪ್ಪಲಿನವರ ಕಬ್ಬನ್ನೇ ಅರೆಯುತ್ತಿದ್ದೀರಿ ಎಂದು ಜಗಳ ತೆಗೆದ. ಮಾತು ಅಪ್ಪಂದಿರವರೆಗೆ ಹೋಯಿತು.

"ಇನ್ನೊಂದು ಮಾತಾಡುದ್ರೆ ಹೆಗಲ ಮ್ಯಾಲೆ ಒಡೀತೀನಿ ನೋಡು" ಎಂದು ಹೊಂಬಾಳೇಗೌಡ ಪಕ್ಕದಲ್ಲಿದ್ದ ತನ್ನ ಮಚ್ಚು ಎತ್ತಿದ. ಬಾಯಲ್ಲಿ ಸಿಟ್ಟಿತ್ತು, ಆದರೆ ಕಣ್ಣಲ್ಲಿ ಆಗಲೇ ನಗು ಬಂದಿತ್ತು.

"ಒಡಿ, ನೋಡವ" ಎಂದು ಅಂಕೇಗೌಡ ಅಂಗಿ ಜಾರಿಸಿ ಎಡ ಹೆಗಲನ್ನು ಮುಂದೆ ಮಾಡಿದ. ಸುತ್ತ ನಿಂತವರು ಚೂರು ಸಿಡಿಯುತ್ತದೆಂದು ಎರಡು ಹೆಜ್ಜೆ ಹಿಂದೆ ಸರಿದು ಕಣ್ಣಿಗೆ ಕೈ ಅಡ್ಡ ಹಿಡಿದರು.

ಹೊಂಬಾಳೇಗೌಡ ಎರಡೂ ಕೈಯಲ್ಲಿ ಬೀಸಿದ. ಮಚ್ಚು ಒಡೆಯಲಿಲ್ಲ. ಹೆಗಲ ಮೂಳೆಯನ್ನು ಸೀಳಿ, ಪಕ್ಕೆಲುಬುಗಳನ್ನು ಕತ್ತರಿಸುತ್ತ, ಎದೆಯ ಅರ್ಧದವರೆಗೆ ಇಳಿದು ನಿಂತಿತು. ಹೊಂಬಾಳೇಗೌಡ ಒಡೆಯುವ ಸದ್ದಿಗಾಗಿ ಕಾಯುತ್ತಿದ್ದವನಂತೆ ಹಿಡಿಯನ್ನು ಹಿಡಿದೇ ನಿಂತ. ಆಮೇಲೆ ಗಾಬರಿಯಿಂದ ಎಳೆದ. ರಕ್ತ ಕೊಪ್ಪರಿಗೆಯ ಕಾದ ಅಂಚಿಗೆ ಹಾರಿ ಚುರುಗುಟ್ಟಿತು. ಅಂಕೇಗೌಡ ಸಿಪ್ಪೆಯ ರಾಶಿಯ ಮೇಲೆ ಕುಸಿದ. ಸಿಂಗ್ರಾಚಾರಿ ಓಡಿಹೋಗಿ ತನ್ನ ಟವೆಲನ್ನು ಗಾಯಕ್ಕೆ ಒತ್ತಿದ. ಒತ್ತಿದ ಕೈ ಮುಂಗೈವರೆಗೆ ಒಳಕ್ಕೆ ಹೋಯಿತು.

"ಒಡೀಲಿಲ್ವಲ್ಲ ಆಚಾರಿ" ಎಂದ ಅಂಕೇಗೌಡ. ನೋವಿಗಿಂತ ಬೆರಗೇ ಹೆಚ್ಚಾಗಿತ್ತು ಅವನ ದನಿಯಲ್ಲಿ. ಬಾಯಿಂದ ರಕ್ತ ಬಂತು, ಕಣ್ಣು ತೆರೆದೇ ಇತ್ತು, ಉಸಿರು ನಿಂತಿತು.

ಸುದ್ದಿ ಮಾರಗಟ್ಟಕ್ಕೆ ಮುಟ್ಟಿದ ಗಂಟೆಯೊಳಗೆ ಆಲೆಮನೆಗೆ ಬೆಂಕಿ ಬಿತ್ತು. ಹೊಂಬಾಳೇಗೌಡನ ಚಿಕ್ಕಪ್ಪನನ್ನು ಕಲ್ಲಿನಲ್ಲಿ ಹೊಡೆದು ಕಾಲು ಮುರಿದರು. ಪೊಲೀಸರು ಬಂದಾಗ ಹೊಂಬಾಳೇಗೌಡ ಉರಿಯುವ ಚಪ್ಪರದ ಪಕ್ಕ, ಹೆಣದ ಕಾಲನ್ನು ಹಿಡಿದು ಕೂತಿದ್ದ.

ಸರ್ಕಾರಿ ವಕೀಲರ ವಾದ ಸರಳವಾಗಿತ್ತು. ಅಪ್ಪನ ಸಾವಿಗೆ ಸೇಡು ತೀರಿಸಲು ಆರೋಪಿ ಗೆರೆಯಿಲ್ಲದ ಕಳ್ಳ ಮಚ್ಚು ಇಟ್ಟುಕೊಂಡಿದ್ದ, ಆಟದ ನೆಪದಲ್ಲಿ ಕೊಂದ. ಸಾಬೀತಾದರೆ ಸಾಯುವವರೆಗೂ ಜೈಲು. ಮಚ್ಚು ಪರೀಕ್ಷೆಗೆಂದು ವಾರಿಜಾ ಅವರ ಪ್ರಯೋಗಶಾಲೆಗೆ ಬಂತು.

ಅವರು ಅಲಗನ್ನು ಕೊಯ್ದು, ಉಜ್ಜಿ ಹೊಳಪು ಕೊಟ್ಟು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬಹಳ ಹೊತ್ತು ನೋಡಿ ಸಿಂಗ್ರಾಚಾರಿಯನ್ನು ಕರೆಸಿದರು. ಪರದೆಯ ಮೇಲೆ ಎರಡು ಚಿತ್ರ ಇದ್ದವು.

"ಎಡಗಡೆಯದು ಸರಿಯಾದ ಗೆರೆ. ಅಗಲವಾಗಿದೆ, ಕಂಬಗಳು ಎದುರುಬದುರು ನಿಂತಿವೆ, ನಡುವೆ ಸೀಳಿನ ಜಾಗ. ಬಲಗಡೆಯದು ಈ ಮಚ್ಚು. ಇದರಲ್ಲೂ ಏಳು ಗೆರೆ ಇದೆ, ಅಂದರೆ ಇದು ಕಳ್ಳ ಮಚ್ಚಲ್ಲ. ಆದರೆ ಗೆರೆ ನೋಡಿ, ಮೊಳೆ ಹೊಡೆದ ಹಾಗೆ ಕಿರಿದಾಗಿ ಆಳಕ್ಕೆ ಇಳಿದಿದೆ. ಒಳಗೆ ಕಂಬವೇ ಇಲ್ಲ, ಎಲ್ಲ ರವೆಯಂಥ ದುಂಡು ಹರಳು. ಕರಗಿದ ಉಕ್ಕು ಉಲ್ಟಾ ಹರಿದಿದೆ, ಆಚಾರ್ರೇ. ದಡದಿಂದ ನಡುವಿಗೆ ಬಂದು, ಅಲ್ಲಿಂದ ಕೆಳಕ್ಕೆ ಧುಮುಕಿದೆ. ಧುಮುಕುವಾಗ ಕಂಬಗಳ ತುದಿ ಮುರಿದು ಎಲ್ಲೆಡೆ ಚೆಲ್ಲಿದೆ. ಸೀಳು ಆಗಬೇಕಾದ ಜಾಗ ಮಚ್ಚಿನಲ್ಲೇ ಎಲ್ಲಕ್ಕಿಂತ ಗಟ್ಟಿಯಾಗಿಬಿಟ್ಟಿದೆ."

"ಉಲ್ಟಾ ಯಾಕೆ ಹರೀತದೆ?"

"ಗಂಧಕ. ಒಂದು ಚಿಟಿಕೆಗಿಂತ ಕಡಿಮೆ ಸಾಕು. ಅದು ಬೆರೆತರೆ ಮೇಲ್ಮೈಯ ಬಿಗಿತ ತಿರುಗಿಬಿಡುತ್ತೆ, ಬಿಸಿಯಾದ ನಡುವೇ ಎಲ್ಲವನ್ನೂ ಎಳೆದುಕೊಳ್ಳುತ್ತೆ. ಮಚ್ಚಿನ ಮೇಲೆ ಅದು ಎಲ್ಲಿಂದ ಬಂತು ಅನ್ನೋದೇ ನನಗೆ ತಿಳೀತಿಲ್ಲ."

ಸಿಂಗ್ರಾಚಾರಿಗೆ ತಿಳಿಯಿತು. ಬೆಲ್ಲ ಹೊಂಬಣ್ಣಕ್ಕೆ ತಿರುಗಲೆಂದು ಆಲೆಮನೆಯವರು ಕದ್ದುಮುಚ್ಚಿ ಪಾಕಕ್ಕೆ ಹಾಕುವ ಪುಡಿ ಹೈಡ್ರೋಸ್. ಅದರ ಚೀಲ ಸೀಳುವುದು ಮಚ್ಚಿನಲ್ಲಿ, ಹೆಂಟೆ ಕಟ್ಟಿದರೆ ಕುಟ್ಟುವುದು ಮಚ್ಚಿನಲ್ಲಿ. ಪಾಕದ ಅಂಟಿನ ಜೊತೆ ಒಣಗಿದ ಆ ಪುಡಿ ಸೋಗೆಯಲ್ಲಿ ಒರೆಸಿದರೆ ಹೋಗುವಂಥದ್ದಲ್ಲ.

"ಹೈಡ್ರೋಸ್‌ನಲ್ಲಿ ಗಂಧಕ ಇರ್ತದಾ?" ಎಂದು ಕೇಳಿದ.

"ಇರುತ್ತೆ. ಆದರೆ ತೊಳೆದಿದ್ದರೆ..." ವಾರಿಜಾ ಮಾತು ನಿಲ್ಲಿಸಿ ಅವನ ಮುಖ ನೋಡಿದರು. "ತೊಳೆದಿರಲಿಲ್ವ?"

"ಇಲ್ಲ. ಇದೊಂದೇ ಅಲ್ಲ, ಬಾಳಾ ಮಚ್ಚು ತೊಳ್ದಿಲ್ಲ. ಎಷ್ಟು ಅಂತ ನೆಪ್ಪಿಲ್ಲ."

ಅವರು ಕೂಗಾಡಲಿಲ್ಲ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತರು. ಆಮೇಲೆ ಬಿಡಿಬಿಡಿಯಾಗಿ ಮಾತಾಡಿದರು. "ನಾನು ಕೋರ್ಟಿನಲ್ಲಿ ನಿಜ ಹೇಳಿದರೆ ಹೊಂಬಾಳೇಗೌಡ ಉಳೀತಾನೆ. ಒಡೆಯುತ್ತೆ ಅಂತಲೇ ಹೊಡೆದ ಅಂತಾಗುತ್ತೆ. ಆದರೆ ಆ ಕೋರ್ಟಿನಲ್ಲಿ ಎರಡೂ ಊರು ಕೂತಿರುತ್ತೆ. ಮಚ್ಚು ಒಡೆಯದ ಹಾಗೆ ಮಾಡಲು ಹೈಡ್ರೋಸ್ ಸವರಿದರೆ ಸಾಕು ಅನ್ನೋದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಆಮೇಲೆ ಎಷ್ಟು ಜನ ಸಾಯ್ತಾರೆ, ನೀವೇ ಹೇಳಿ. ಗೆರೆಯಲ್ಲಿ ದೋಷ ಇತ್ತು, ಕಾರಣ ತಿಳಿಯಲಿಲ್ಲ ಅಂತ ನಾನು ಬರೆದರೆ ಕೋರ್ಟು ನಂಬಲ್ಲ. ಅದಕ್ಕೆ ಕಾರಣ ಬೇಕು. ಸುಮ್ಮನಿದ್ದರೆ ಒಬ್ಬನೇ ಹೋಗ್ತಾನೆ."

"ಆ ಒಬ್ನೂ ನನ್ನ ಲೆಕ್ಕಕ್ಕೇ ಬರ್ತಾನಲ್ಲವ್ವ."

"ನೂರು ಜನ ಬಂದರೆ ಏನ್ಮಾಡ್ತೀರಿ?"

ಮೂರು ದಿನ ಸಿಂಗ್ರಾಚಾರಿ ಅನ್ನ ಮುಟ್ಟದೆ ಒದ್ದಾಡಿದ. ಹೇಳಿದರೂ ಸಾವು, ಹೇಳದಿದ್ದರೂ ಸಾವು. ಆದರೆ ಮುಂದೆ ಸಾಯಬಹುದಾದವರ ಮುಖ ಅವನಿಗೆ ಕಾಣುತ್ತಿರಲಿಲ್ಲ, ಹೆಣದ ಕಾಲು ಹಿಡಿದು ಕೂತಿದ್ದವನ ಮುಖ ಕಾಣುತ್ತಿತ್ತು. ಬುದ್ಧಿವಂತರ ತೀರ್ಮಾನ ಅದಾಗಿರಲಿಕ್ಕಿಲ್ಲ. ಅವನಿಗೆ ಆದದ್ದು ಅಷ್ಟೇ.

ಸಾಕ್ಷಿಕಟ್ಟೆ ಹತ್ತಿ ಅವನು ಗಂಧಕದ ವಿಷಯ, ಸೋಗೆಯ ವಿಷಯ, ಗುಂಡಿ ಒತ್ತಿದ ವಿಷಯ ಎಲ್ಲ ಹೇಳಿದ. ವಾರಿಜಾ ಎದ್ದು ನಿಂತು ಹೌದೆಂದರು. ಕೋರ್ಟಿನ ಹಿಂದಿನ ಬೆಂಚಿನಿಂದ ನಿಂಗಾಜಮ್ಮ ಚಪ್ಪಲಿ ಎಸೆದಳು. ಅದು ಸಿಂಗ್ರಾಚಾರಿಯ ಹಣೆಗೆ ಬಿದ್ದು ರಕ್ತ ಬಂತು. ಅವನು ಒರೆಸಿಕೊಳ್ಳಲಿಲ್ಲ. ಹೊಂಬಾಳೇಗೌಡನಿಗೆ ಕೊಲೆಯ ಶಿಕ್ಷೆ ತಪ್ಪಿ ನಾಲ್ಕು ವರ್ಷ ಜೈಲಾಯಿತು. ಸಿಂಗ್ರಾಚಾರಿಯ ಕೆಲಸ ಹೋಯಿತು, ವಾರಿಜಾ ಅವರನ್ನು ದೂರದ ಯಾವುದೋ ಪ್ರಯೋಗಶಾಲೆಗೆ ಎತ್ತಿಹಾಕಿದರು.

ಅವರು ಹೆದರಿದ್ದೇ ಮೊದಲು ನಡೆಯಿತು. ಒಂದೇ ದಿನದಲ್ಲಿ ಸುತ್ತಲಿನ ಅಂಗಡಿಗಳಲ್ಲಿ ಹೈಡ್ರೋಸ್ ಖಾಲಿಯಾಯಿತು. ಎಲ್ಲ ಮಚ್ಚನ್ನೂ ಮತ್ತೆ ತಂದು ತೊಳೆಸಿ ಗೆರೆ ಹಾಕಿಸಬೇಕೆಂದು ಸರ್ಕಾರ ಡಂಗುರ ಹೊಡೆಸಿತು, ಅದನ್ನು ಕೇಳಿ ಒಬ್ಬನೂ ತರಲಿಲ್ಲ. ವರ್ಷದ ಸರದಿ ಬಂದಾಗ ಯಂತ್ರದ ಹೊಸ ಕೆಲಸಗಾರರಿಗೆ ಮಚ್ಚು ಕೊಡುವ ಮುನ್ನ ಕೆಲವರು ಪುಡಿ ಸವರಿ ಒಣಗಿಸಿದರು, ಕೆಲವರು ಸವರಿದ್ದನ್ನು ಆ ಕೆಲಸಗಾರರು ತೊಳೆದುಬಿಟ್ಟರು. ಪುಡಿ ಹೆಚ್ಚಾದರೂ ಕೆಲಸ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆ ಬೇಸಿಗೆಯಲ್ಲಿ ಮಾರಗಟ್ಟದವನೊಬ್ಬ ಪುಡಿ ಸವರಿದ ಮಚ್ಚನ್ನು ನಂಬಿ ತನ್ನ ದಾಯಾದಿಯನ್ನು ಕೊಲ್ಲಲು ಹೋದ. ಮಚ್ಚು ಮೊದಲ ಏಟಿಗೇ ಚೂರಾಗಿ ಅವನದೇ ಮಣಿಕಟ್ಟಿನ ನರ ಕತ್ತರಿಸಿತು. ಅದೇ ವಾರ ಕಂಬದಕೊಪ್ಪಲಿನಲ್ಲಿ ತಮಾಷೆಗೆಂದು ಭಾವಮೈದುನನ ಹೆಗಲಿಗೆ ಬೀಸಿದವನು ಅವನ ತೋಳನ್ನೇ ತೆಗೆದ. ಯಾವ ಮಚ್ಚು ಒಡೆಯುತ್ತದೋ ಯಾವುದು ಕಡಿಯುತ್ತದೋ ಯಾರಿಗೂ ತಿಳಿಯದೆ, ಆಮೇಲೆ ಮಚ್ಚೆತ್ತಿದ ಸುದ್ದಿ ಅಪರೂಪವಾಗುತ್ತ ಬಂತು. ಮೂರು ವರ್ಷ ಕಳೆದರೂ ಹೆಣ ಬೀಳಲಿಲ್ಲ. ಅಧಿಕಾರಿಗಳು ಅದು ತಮ್ಮ ಶಾಂತಿ ಸಭೆಗಳ ಫಲ ಎಂದು ವರದಿ ಬರೆದರು.

ಸಿಂಗ್ರಾಚಾರಿ ನಾಲೆ ಏರಿಯ ಕುಲುಮೆಯ ಬೀಗ ತೆಗೆದು ಬಾಗಿಲ ಚಿಲಕ, ಎತ್ತಿನ ಲಾಳ, ತೂಬಿನ ತಿರುಪು ಮಾಡಿಕೊಂಡಿದ್ದ. ಅಲಗು ಇರುವ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಹೊಂಬಾಳೇಗೌಡ ಬಿಡುಗಡೆಯಾಗಿ ಬಂದ ದಿನ ಮಧ್ಯಾಹ್ನ ಬಸ್ಸು ಕುಲುಮೆಯ ಎದುರೇ ನಿಂತಿತು. ಅವನು ಚೀಲ ಹಿಡಿದು ಇಳಿದ. ಬಸ್ಸು ಹೋಯಿತು. ಹುಣಸೆ ಮರದ ಮರೆಯಿಂದ ನಿಂಗಾಜಮ್ಮ ಬಂದಳು. ಅವಳ ಕೈಯಲ್ಲಿ ಮಚ್ಚಿತ್ತು.

ಅವಳು ಹೊಂಬಾಳೇಗೌಡನನ್ನು ಕುಲುಮೆಯ ಗೋಡೆಗೆ ಒತ್ತಿ ನಿಲ್ಲಿಸಿ ಮಚ್ಚನ್ನು ತಲೆಯ ಮೇಲೆತ್ತಿದಳು. ಅವನು ಕೈ ಅಡ್ಡ ತರಲಿಲ್ಲ. "ಹೊಡಿಯಕ್ಕ" ಎಂದ, ಕತ್ತು ಬಗ್ಗಿಸಿ.

ಸಿಂಗ್ರಾಚಾರಿ ಸುತ್ತಿಗೆ ಬಿಟ್ಟು ಎದ್ದ.

"ಅಲ್ಲೇ ನಿಂತ್ಕೊ ಆಚಾರಿ. ಇದು ನನ್ನ ತಮ್ಮನ ಮಚ್ಚು. ಗೆರೆ ಹಾಕಿರೋನು ನೀನೇ. ಒಡೀತದೋ ಇಲ್ವೋ, ಯೋಳು."

ಸಿಂಗ್ರಾಚಾರಿ ಹೊಸ್ತಿಲಲ್ಲೇ ನಿಂತ. ಒಡೆಯುತ್ತದೆ ಎಂದರೆ ಅವಳು ಹೊಡೆಯುತ್ತಾಳೆ, ಒಡೆಯದೆ ಹೋದರೆ ಇವನು ಸತ್ತ. ಒಡೆಯುವುದಿಲ್ಲ ಎಂದರೆ ಕೊಲ್ಲಲೆಂದೇ ಹೊಡೆಯುತ್ತಾಳೆ. ಸುಳ್ಳು ಹೇಳೋಣವೆಂದರೆ ಯಾವುದು ಸುಳ್ಳು ಎಂಬುದು ತಿಳಿಯಬೇಕಲ್ಲ. ಅಂಕೇಗೌಡನ ಮಚ್ಚನ್ನು ಆ ವರ್ಷ ತೊಳೆದಿದ್ದನೋ ಒರೆಸಿದ್ದನೋ ಎಂದು ನೆನಪು ಮಾಡಿಕೊಳ್ಳಲು ಎಷ್ಟು ಒದ್ದಾಡಿದರೂ ಆಗಲಿಲ್ಲ.

"ಗೊತ್ತಿಲ್ಲ ಕಣವ್ವ" ಎಂದ.

"ಮಾಡ್ದೋನು ನೀನು. ಗೊತ್ತಿಲ್ಲ ಅಂದ್ರೆ?"

"ಮಾಡ್ದೋನು ನಾನೇ. ದೇವರಾಣೆ ನಂಗೂ ಗೊತ್ತಿಲ್ಲ. ಹೊಡುದ್ರೇನೆ ಗೊತ್ತಾಗೋದು."

ನಿಂಗಾಜಮ್ಮ ಅಲಗನ್ನು ನೋಡಿದಳು, ಬಗ್ಗಿದ ಕತ್ತನ್ನು ನೋಡಿದಳು, ಮತ್ತೆ ಅಲಗನ್ನು ನೋಡಿದಳು. ಬೆವರು ಅವಳ ಗಲ್ಲದಿಂದ ತೊಟ್ಟಿಕ್ಕಿತು.

"ಕೊಲ್ಲೋದಾದ್ರೆ ನಾನು ಕೊಲ್ಬೇಕು" ಎಂದಳು ಕೊನೆಗೆ, ಹಲ್ಲು ಕಚ್ಚಿಕೊಂಡು. "ಬುಡೋದಾದ್ರೂ ನಾನೇ ಬುಡ್ಬೇಕು. ಇವನು ಸಾಯ್ಬೇಕೋ ಬದುಕ್ಬೇಕೋ ಅಂತ ತೀರ್ಮಾನ ಮಾಡೋಕೆ ಈ ಹಾಳು ಕಬ್ಬುಣ ಯಾವ ಊರಿನ ಯಜಮಾನ?"

ತೋಳು ತಾನಾಗಿ ಇಳಿಯಿತು. ಅವಳು ಮಚ್ಚನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು, ನೆಲದ ಮೇಲೆ ಕೂತು, ತಮ್ಮನ ಹೆಸರು ಹಿಡಿದು ಅತ್ತಳು. ನಾಲ್ಕು ವರ್ಷದಿಂದ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಹೊಂಬಾಳೇಗೌಡ ಗೋಡೆಗೆ ಒರಗಿದವನು ಹಾಗೆಯೇ ನಿಂತಿದ್ದ, ಹೋಗುವ ಧೈರ್ಯ ಅವನಿಗೂ ಇರಲಿಲ್ಲ. ಬಿಕ್ಕುವುದು ನಿಂತ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅವನತ್ತ ನೋಡದೆ ಹೇಳಿದಳು.

"ಮನೆಗೆ ನಡಿ. ನಿಮ್ಮವ್ವ ಬೆಳಗ್ಗಿಂದ ಬಾಗ್ಲಲ್ಲೇ ಕುಂತವಳೆ."